ಮೂರು ಯಂತ್ರ, ಮೂರು ಅಂಕಿ: ಯಾವುದನ್ನು ನಂಬೋಣ?

ಕಣ್ಣಳತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪತ್ರ ಬರೆಯುವವರಲ್ಲಿ ಒಂದು ವಿನಂತಿ. ನನ್ನನ್ನು ಡಾಕ್ಟರ್ ಎಂದು ಕರೆಯಬೇಡಿ. ನಾನು ಆಪ್ಟೊಮೆಟ್ರಿಸ್ಟ್. ಮೈಸೂರಿನ ಒಂದು ಕಣ್ಣಾಸ್ಪತ್ರೆಯ ಅಳತೆ ಕೋಣೆಯಲ್ಲಿ ಕುಳಿತು ‘ಗದ್ದ ಇಲ್ಲಿಡಿ, ಹಣೆ ತಾಗಿಸಿ, ರೆಪ್ಪೆ ಬಡಿಯಬೇಡಿ’ ಎಂದು ದಿನವಿಡೀ ಹೇಳುವವಳು. ಆಪರೇಷನ್ ಮಾಡುವವರು ಬೇರೆ, ಅವರ ಕೈಗೆ ಅಂಕಿ ಕೊಡುವವಳು ನಾನು. ಈ ಸಲ ಬಂದಿರುವ ಪತ್ರಗಳಲ್ಲಿ ಬಹುಪಾಲು ಆ ಅಂಕಿಗಳ ತಕರಾರೇ.

*

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮಗಳಿಗೆ 23 ವರ್ಷ. ಎರಡೂ ಕಣ್ಣಿಗೆ ಮೈನಸ್ 7, ಸಿಲಿಂಡರ್ ಪವರ್ ಇಲ್ಲ. ಎರಡು ವರ್ಷದಿಂದ ಪವರ್ ಬದಲಾಗಿಲ್ಲ. ಸಂಬಂಧ ಹುಡುಕುತ್ತಿದ್ದೇವೆ, ಅಷ್ಟರೊಳಗೆ ಲ್ಯಾಸಿಕ್ ಮಾಡಿಸೋಣ ಎಂದು ಹೊರಟೆವು. ನಮ್ಮೂರಿನ ಆಸ್ಪತ್ರೆಯಲ್ಲಿ ಡ್ರಾಪ್ಸ್ ಹಾಕಿ, ಪೆನ್ನಿನಂಥದ್ದನ್ನು ಕಣ್ಣಿಗೆ ಮುಟ್ಟಿಸಿ ಅಳೆದರು. ಬಲಗಣ್ಣಿನ ಕಾರ್ನಿಯಾ 524 ಮೈಕ್ರಾನ್ ಬಂತು. ‘ಆಗುತ್ತೆ, ಮಾಡೋಣ’ ಎಂದರು. ಸಮಾಧಾನಕ್ಕೆ ಬೆಂಗಳೂರಿನಲ್ಲಿ ಇನ್ನೊಂದು ಕಡೆ ತೋರಿಸಿದೆವು. ಅಲ್ಲಿ ಪೆಂಟಾಕ್ಯಾಮ್‌ನಲ್ಲಿ 517, ಒಸಿಟಿಯಲ್ಲಿ 508. ಅಲ್ಲಿಯ ವೈದ್ಯರು ‘ಲ್ಯಾಸಿಕ್ ಬೇಡ, ಬೇಕಿದ್ದರೆ ಐಸಿಎಲ್ ಹಾಕೋಣ’ ಅನ್ನುತ್ತಾರೆ. ಅದಕ್ಕೆ ದುಡ್ಡು ಹೆಚ್ಚು. ಒಂದೇ ಕಣ್ಣಿಗೆ ಮೂರು ಅಂಕಿ ಹೇಗೆ ಸಾಧ್ಯ? ಯಾರು ಸುಳ್ಳು ಹೇಳುತ್ತಿದ್ದಾರೆ? ಪವರ್ ಜಾಸ್ತಿ ಇದ್ದವರಿಗೆ ಕಾರ್ನಿಯಾ ತೆಳುವಾಗಿರುತ್ತದಂತೆ, ನಿಜವೇ? ರಿಪೋರ್ಟುಗಳ ಫೋಟೊ ಜೊತೆಗಿದೆ.
ಓದುಗರು, ದಾವಣಗೆರೆ

ಉತ್ತರ: ಯಾರೂ ಸುಳ್ಳು ಹೇಳಿಲ್ಲ. ಮೂರೂ ಸರಿಯಾದ ಅಂಕಿಗಳೇ. ಆದರೆ ಆ ಮೂರು ಯಂತ್ರಗಳು ಅಳೆದದ್ದು ಒಂದನ್ನೇ ಅಲ್ಲ. (ಹೊಸ ಓದುಗರಿಗೆ: ಕಾರ್ನಿಯಾ ಎಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ, ಲ್ಯಾಸಿಕ್ ಎಂದರೆ ಲೇಸರಿನಿಂದ ಕಾರ್ನಿಯಾವನ್ನು ಕೆತ್ತಿ ಪವರ್ ಇಳಿಸುವ ಆಪರೇಷನ್.)

ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡುತ್ತೇನೆ. ಪವರ್ ಜಾಸ್ತಿ ಇದ್ದರೆ ಕಾರ್ನಿಯಾ ತೆಳು ಎನ್ನುವುದು ಕಾಯುವ ಬೆಂಚಿನ ಮೇಲೆ ಹುಟ್ಟಿದ ಮಾತು. ಮೈನಸ್ ಪವರ್ ಬರುವುದು ಬಹುತೇಕ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗುವುದರಿಂದ. ಮೈನಸ್ 10 ಇದ್ದವರ ಕಾರ್ನಿಯಾ 570 ಬಂದದ್ದನ್ನೂ, ಮೈನಸ್ 1.5 ಇದ್ದವರದು 480 ಬಂದದ್ದನ್ನೂ ನಾನು ಅಳೆದಿದ್ದೇನೆ. ನಡುಭಾಗದ ದಪ್ಪ ಸರಾಸರಿ 540 ಮೈಕ್ರಾನ್ ಆಸುಪಾಸು ಎಂದಿಟ್ಟುಕೊಳ್ಳಿ. ನಿಮ್ಮ ಮಗಳದು ಸ್ವಲ್ಪ ತೆಳುವಿನ ಕಡೆಗಿದೆ, ಅಷ್ಟೆ. ಪವರಿಗೂ ಅದಕ್ಕೂ ಗಂಟು ಹಾಕಬೇಡಿ.

ಈಗ ಯಂತ್ರಗಳ ವಿಷಯ. ನಿಮ್ಮೂರಿನಲ್ಲಿ ಮುಟ್ಟಿಸಿದ ಪೆನ್ನು ಅಲ್ಟ್ರಾಸೌಂಡ್ ಪ್ಯಾಕಿಮೀಟರ್. ಅದರ ತುದಿಯಿಂದ ಹೊರಟ ಶಬ್ದದ ಅಲೆ ಕಾರ್ನಿಯಾದ ಮುಂದಿನ ಮೈಗೂ ಹಿಂದಿನ ಮೈಗೂ ತಾಗಿ ವಾಪಸು ಬರುತ್ತದೆ. ನಡುವಿನ ಸಮಯವನ್ನು ಯಂತ್ರ ದಪ್ಪಕ್ಕೆ ತಿರುಗಿಸುತ್ತದೆ. ಕಾರ್ನಿಯಾದಲ್ಲಿ ಶಬ್ದ ಸೆಕೆಂಡಿಗೆ 1,640 ಮೀಟರ್ ಓಡುತ್ತದೆ ಎಂದು ಅದು ಎಲ್ಲರಿಗೂ ಒಂದೇ ಲೆಕ್ಕ ಹಿಡಿಯುತ್ತದೆ. ಇದು ಬಹಳ ವರ್ಷ ನಂಬಿಕೊಂಡು ಬಂದ ವಿಧಾನ, ಈಗಲೂ ಕೆಟ್ಟದ್ದಲ್ಲ. ಆದರೆ ಇಲ್ಲಿ ಕೈಯ ಪಾತ್ರ ದೊಡ್ಡದು. ಕಾರ್ನಿಯಾ ನಡುವೆ ತೆಳು, ಅಂಚಿಗೆ ಹೋದಂತೆ ದಪ್ಪ. ಪೆನ್ನು ನಡುವಿನಿಂದ ಒಂದು ಕೂದಲೆಳೆ ಆಚೆ ಮುಟ್ಟಿದರೂ, ಓರೆಯಾಗಿ ಮುಟ್ಟಿದರೂ ಅಂಕಿ ಮೇಲೇರುತ್ತದೆ. ಹಾಗಾಗಿಯೇ ನಾವು ಹಲವು ಸಲ ಮುಟ್ಟಿಸಿ, ಅವುಗಳಲ್ಲಿ ಕಡಿಮೆ ಬಂದದ್ದಕ್ಕೆ ಹೆಚ್ಚು ಬೆಲೆ ಕೊಡುತ್ತೇವೆ. ಇನ್ನೊಂದು ಮಿತಿ ಏನೆಂದರೆ, ಪೆನ್ನು ಮುಟ್ಟಿದ ಜಾಗವಷ್ಟೇ ಅದಕ್ಕೆ ಗೊತ್ತು. ಕಾರ್ನಿಯಾದ ಅತಿ ತೆಳು ಜಾಗ ಎಷ್ಟೋ ಜನರಿಗೆ ನಟ್ಟನಡುವೆ ಇರುವುದಿಲ್ಲ, ಸ್ವಲ್ಪ ಕೆಳಕ್ಕೆ, ಕಿವಿಯ ಕಡೆಗೆ ಸರಿದಿರುತ್ತದೆ.

ಪೆಂಟಾಕ್ಯಾಮ್ ಮುಟ್ಟುವುದಿಲ್ಲ, ಫೋಟೊ ತೆಗೆಯುತ್ತದೆ. ಜರ್ಮನಿಯ ವೆಟ್ಸ್ಲಾರ್ ಊರಿನ ಆಕ್ಯುಲಸ್ ಕಂಪನಿಯದು. ನೀಲಿ ಬೆಳಕಿನ ಸೀಳೊಂದನ್ನು ಕಣ್ಣಿಗೆ ಬಿಟ್ಟು, ಕ್ಯಾಮೆರಾ ಸುತ್ತುತ್ತಾ ಸುಮಾರು ಎರಡು ಸೆಕೆಂಡಿನಲ್ಲಿ 25 ಅಥವಾ 50 ಚಿತ್ರ ಹಿಡಿಯುತ್ತದೆ. ಅದರ ತತ್ವಕ್ಕೆ ಶೈಮ್‌ಫ್ಲೂಗ್ ಎಂಬ ಹೆಸರಿದೆ. ಥಿಯೊಡರ್ ಶೈಮ್‌ಫ್ಲೂಗ್ ಕಣ್ಣಿನ ವೈದ್ಯನಲ್ಲ, ಆಸ್ಟ್ರಿಯಾ ಸೇನೆಯ ಕ್ಯಾಪ್ಟನ್. ಬಲೂನಿನಿಂದ ಓರೆಯಾಗಿ ತೆಗೆದ ನೆಲದ ಫೋಟೊಗಳನ್ನು ನಕ್ಷೆಗೆ ಸರಿಪಡಿಸುವುದಕ್ಕೆಂದು 1904ರಲ್ಲಿ ಪೇಟೆಂಟ್ ಪಡೆದವನು. ಲೆನ್ಸನ್ನೂ ಫಿಲ್ಮನ್ನೂ ಬೇಕಾದ ಕೋನದಲ್ಲಿ ವಾಲಿಸಿದರೆ ಓರೆಯಾಗಿರುವ ವಸ್ತುವೂ ಮುಂದಿನಿಂದ ಹಿಂದಿನವರೆಗೆ ಸ್ಪಷ್ಟವಾಗಿ ಬರುತ್ತದೆ. ಕಾರ್ನಿಯಾದ ಮುಂದಿನ ಮೈ, ಹಿಂದಿನ ಮೈ, ಅದರ ಹಿಂದಿನ ಲೆನ್ಸು ಎಲ್ಲವೂ ಒಂದೇ ಚಿತ್ರದಲ್ಲಿ ಸಿಗುವುದು ಹೀಗೆ. ಇಟಲಿಯ ಸಿರಿಯಸ್, ಸ್ವಿಟ್ಜರ್ಲೆಂಡಿನ ಗೆಲಿಲಿ ಯಂತ್ರಗಳೂ ಇದೇ ಜಾತಿಯವು.

ಒಸಿಟಿ ಇನ್ನೊಂದು ಬಗೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ಪದರ ಪದರವಾಗಿ ಸೀಳಿ ತೋರಿಸುತ್ತದೆ. ಮೇಲಿನ ಚರ್ಮದಂಥ ಎಪಿಥೀಲಿಯಂ ಪದರ ಸುಮಾರು 50 ಮೈಕ್ರಾನ್. ಅದನ್ನೂ ಬೇರೆಯಾಗಿ ಅಳೆಯುವ ಸಾಮರ್ಥ್ಯ ಇದಕ್ಕಿದೆ. ಗಡಿಗಳನ್ನು ಹೆಚ್ಚು ಬಿಗಿಯಾಗಿ ಹಿಡಿಯುವ ಈ ಯಂತ್ರದ ಅಂಕಿ ಸಾಮಾನ್ಯವಾಗಿ ಅಲ್ಟ್ರಾಸೌಂಡಿಗಿಂತ ಕಡಿಮೆ ಬರುತ್ತದೆ. ನಿಮ್ಮ ಮಗಳಿಗೂ ಹಾಗೆಯೇ ಬಂದಿದೆ. 524, 517, 508 ಎಂಬ ಇಳಿಕೆಯಲ್ಲಿ ನನಗೆ ಆಶ್ಚರ್ಯವೇನೂ ಕಾಣಲಿಲ್ಲ.

ಇನ್ನೂ ಒಂದು ಮಾತು ಕೇಳಿ. ರಾತ್ರಿ ಕಣ್ಣು ಮುಚ್ಚಿರುವಾಗ ಕಾರ್ನಿಯಾ ಶೇಕಡಾ 3ರಿಂದ 4ರಷ್ಟು ಊದಿಕೊಳ್ಳುತ್ತದೆ. ಎದ್ದ ಮೇಲೆ ಒಂದೆರಡು ಗಂಟೆಯಲ್ಲಿ ಇಳಿಯುತ್ತದೆ. 520ರ ಕಾರ್ನಿಯಾಕ್ಕೆ ಶೇಕಡಾ 3 ಎಂದರೆ ಸುಮಾರು 16 ಮೈಕ್ರಾನ್. ನಿಮ್ಮ ಮೂರು ಅಂಕಿಗಳಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವಿನ ಅಂತರವೂ ಅಷ್ಟೇ! ಬೆಳಗಿನ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಬಂದು ಬಾಗಿಲು ತೆರೆದ ಕೂಡಲೇ ಅಳೆಸಿದರೆ ಯಾವ ಯಂತ್ರವಾದರೂ ದಪ್ಪವೇ ತೋರಿಸೀತು.

ಹಾಗಾದರೆ ಈ 16 ಮೈಕ್ರಾನ್‌ಗೆ ಅರ್ಥವಿಲ್ಲವೇ? ಇದೆ. ನಿಮ್ಮ ಮಗಳ ವಿಷಯದಲ್ಲಿ ಚೆನ್ನಾಗಿಯೇ ಇದೆ. ಲೆಕ್ಕ ಹಾಕಿ ತೋರಿಸುತ್ತೇನೆ. 6.5 ಮಿಲಿಮೀಟರ್ ಅಗಲದ ಜಾಗದಲ್ಲಿ ಪವರ್ ಇಳಿಸುವುದಾದರೆ, ಹಳೆಯ ಮನ್ನರ್ಲಿನ್ ಸೂತ್ರದ ಪ್ರಕಾರ ಒಂದು ಡಯಾಪ್ಟರಿಗೆ, ಅಂದರೆ ಒಂದು ಪವರಿಗೆ, ಸುಮಾರು 14 ಮೈಕ್ರಾನ್ ತೆಗೆಯಬೇಕು. ಮೈನಸ್ 7ಕ್ಕೆ 98. ಲ್ಯಾಸಿಕ್‌ನಲ್ಲಿ ಮೇಲೆ ಎತ್ತುವ ಪದರ 110 ಎಂದಿಟ್ಟುಕೊಳ್ಳಿ. ಒಟ್ಟು 208. ಅದನ್ನು ಕಳೆದರೆ ಉಳಿಯುವುದು 524ರ ಲೆಕ್ಕದಲ್ಲಿ 316, 517ರಲ್ಲಿ 309, 508ರಲ್ಲಿ ಸರಿಯಾಗಿ 300. ಕನಿಷ್ಠ 250 ಉಳಿಯಬೇಕೆಂಬುದು ಹಳೆಯ ನಿಯಮ, ಈಗ ಅನೇಕರು 300 ಕೇಳುತ್ತಾರೆ. ಇಷ್ಟನ್ನೇ ನೋಡಿದರೆ ಮೂರೂ ಪಾಸು.

ಇನ್ನೊಂದು ಲೆಕ್ಕವಿದೆ. ಇರುವ ದಪ್ಪದಲ್ಲಿ ಶೇಕಡಾ ಎಷ್ಟನ್ನು ಕೆಡವುತ್ತೇವೆ ಎನ್ನುವುದು. 40 ದಾಟಿದರೆ ಅಪಾಯ ಹೆಚ್ಚು ಎಂದು ಹಲವರು ಗೆರೆ ಎಳೆಯುತ್ತಾರೆ. 524ಕ್ಕೆ 208 ಅಂದರೆ ಶೇ. 39.7. 517ಕ್ಕೆ ಶೇ. 40.2. 508ಕ್ಕೆ ಶೇ. 40.9. ನೋಡಿದಿರಾ? ಅದೇ ಹುಡುಗಿ, ಅದೇ ಕಣ್ಣು, ಒಂದು ಯಂತ್ರದಲ್ಲಿ ಗೆರೆಯ ಈಚೆ, ಇನ್ನೆರಡರಲ್ಲಿ ಗೆರೆಯ ಆಚೆ. ಗೆರೆಯ ಮೇಲೆಯೇ ನಿಂತಿರುವ ಕಣ್ಣಿಗೆ ‘ನಮ್ಮ ಯಂತ್ರದಲ್ಲಿ ಪಾಸಾಯಿತು’ ಎನ್ನುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ.

ಆದರೆ ಬೆಂಗಳೂರಿನ ವೈದ್ಯರು ಬೇಡ ಎಂದದ್ದು ಈ ಲೆಕ್ಕಕ್ಕಾಗಿ ಮಾತ್ರ ಎಂದು ನನಗೆ ಅನ್ನಿಸುತ್ತಿಲ್ಲ. ನೀವು ಕಳಿಸಿದ ಫೋಟೊಗಳಲ್ಲಿ ಬಣ್ಣಬಣ್ಣದ ವೃತ್ತಗಳಿರುವ ಹಾಳೆಗಳಿವೆಯಲ್ಲ, ಅದರಲ್ಲಿ ಎರಡನೆಯದನ್ನು ಮತ್ತೆ ತೆಗೆದು ನೋಡಿ. ಕೆಳಗಡೆ ‘ಡಿ’ ಎಂಬ ಅಕ್ಷರದ ಪಕ್ಕ 1.9 ಎಂದಿದೆ, ಹಳದಿ ಬಣ್ಣದಲ್ಲಿ. ಮೈಕೆಲ್ ಬೆಲಿನ್ ಮತ್ತು ರೆನಾಟೊ ಆಂಬ್ರೊಸಿಯೊ ಎಂಬ ವೈದ್ಯರು ರೂಪಿಸಿದ ಲೆಕ್ಕ ಅದು. ಮುಂದಿನ ಮೈಯ ಉಬ್ಬು, ಹಿಂದಿನ ಮೈಯ ಉಬ್ಬು, ಅತಿ ತೆಳು ಜಾಗ, ನಡುವಿನಿಂದ ಅಂಚಿಗೆ ದಪ್ಪ ಏರುವ ರೀತಿ, ಇವನ್ನೆಲ್ಲ ಸೇರಿಸಿ ಒಂದು ಅಂಕಿ ಕೊಡುತ್ತದೆ. 1.6 ದಾಟಿದರೆ ಹಳದಿ, 2.6 ದಾಟಿದರೆ ಕೆಂಪು. ಹಳದಿ ಎಂದರೆ ರೋಗ ಎಂದಲ್ಲ, ಸಂಶಯ ಎಂದರ್ಥ. ಕೆರಟೋಕೋನಸ್ ಅಂದರೆ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಚೂಪಾಗುವ ಕಾಯಿಲೆ. ಎಷ್ಟೋ ಸಲ ಅದರ ಮೊದಲ ಸುಳಿವು ಹಿಂದಿನ ಮೈಯಲ್ಲಿ ಕಾಣುತ್ತದೆ. ಪೆನ್ನು ಮುಟ್ಟಿಸಿ ಅಳೆಯುವ ಯಂತ್ರಕ್ಕೆ ಹಿಂದಿನ ಮೈಯ ಆಕಾರ ಗೊತ್ತೇ ಆಗುವುದಿಲ್ಲ. ನಿಮ್ಮೂರಿನ ಆಸ್ಪತ್ರೆಯಲ್ಲಿ ಇಂಥ ಬಣ್ಣದ ನಕ್ಷೆ ತೆಗೆಯದೆ ಬರೀ ದಪ್ಪ ನೋಡಿ ‘ಮಾಡೋಣ’ ಎಂದಿದ್ದರೆ ಅದು ಸಾಲದು. ಅಲ್ಲಿ ನಕ್ಷೆಯೂ ತೆಗೆದಿದ್ದು ನೀವು ಅದರ ಫೋಟೊ ಕಳಿಸಿಲ್ಲದಿದ್ದರೆ ಈ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಇಷ್ಟು ಜಾಗ್ರತೆ ಏಕೆಂದರೆ, ಲ್ಯಾಸಿಕ್ ಆದ ಮೇಲೆ ಕಾರ್ನಿಯಾ ಸೋತು ಮುಂದಕ್ಕೆ ಉಬ್ಬಿದ ಪ್ರಕರಣಗಳನ್ನು ಥಿಯೊ ಸೈಲರ್ ಮತ್ತು ಸಂಗಡಿಗರು 1998ರಲ್ಲೇ ವರದಿ ಮಾಡಿದ್ದರು. ಅಂಥದ್ದು ಅಪರೂಪ. ಆದರೆ ತೆಗೆದ ಮೈಕ್ರಾನನ್ನು ಮತ್ತೆ ಅಂಟಿಸುವುದಕ್ಕೆ ಬರುವುದಿಲ್ಲ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯವನ್ನು ಮಗಳ ಹತ್ತಿರವೇ ಕೇಳಿ: ಕಣ್ಣು ಉಜ್ಜುವ ಅಭ್ಯಾಸ ಇದೆಯೇ? ಅಲರ್ಜಿ, ತುರಿಕೆ, ಓದುವಾಗ ಮುಷ್ಟಿಯಿಂದ ಕಣ್ಣು ತಿಕ್ಕುವುದು? ಇದ್ದರೆ ವೈದ್ಯರಿಗೆ ಹೇಳಲೇಬೇಕು. ಈ ಒಂದು ಉತ್ತರಕ್ಕೆ ಎಷ್ಟೋ ಸಲ 10 ಮೈಕ್ರಾನಿಗಿಂತ ಹೆಚ್ಚು ತೂಕವಿರುತ್ತದೆ.

ಇನ್ನು ಐಸಿಎಲ್. ಅದು ಕಣ್ಣೊಳಗೆ, ಪಾಪೆಯ ಹಿಂದೆ ಕೂರಿಸುವ ತೆಳು ಲೆನ್ಸು. ಕಾರ್ನಿಯಾ ಕೆಡವುವುದಿಲ್ಲ, ಬೇಡವಾದರೆ ಹೊರತೆಗೆಯಬಹುದು. ಮೈನಸ್ 7ಕ್ಕೆ, ಈ ನಕ್ಷೆಗೆ, ಅದು ಸಮಂಜಸವಾದ ಸಲಹೆ. ಆದರೆ ಅಳತೆಯ ಜಗಳ ಅಲ್ಲಿಗೂ ಹಿಂಬಾಲಿಸುತ್ತದೆ. ಹೆಚ್ಚು ಬಳಕೆಯಲ್ಲಿರುವ ಲೆನ್ಸು 12.1, 12.6, 13.2, 13.7 ಮಿಲಿಮೀಟರ್ ಎಂಬ ನಾಲ್ಕು ಸೈಜುಗಳಲ್ಲಿ ಬರುತ್ತದೆ. ಸೈಜು ಆರಿಸಲು ಕಾರ್ನಿಯಾದ ಒಂದು ಅಂಚಿನ ಬಿಳಿಯಿಂದ ಇನ್ನೊಂದು ಅಂಚಿನ ಬಿಳಿಯವರೆಗೆ ಅಳೆಯುತ್ತೇವೆ. ಆ ಅಗಲದಲ್ಲಿ ಯಂತ್ರದಿಂದ ಯಂತ್ರಕ್ಕೆ 0.2, 0.3 ಮಿಲಿಮೀಟರ್ ವ್ಯತ್ಯಾಸ ಬರುವುದು ನನಗೆ ದಿನನಿತ್ಯದ ಅನುಭವ. ಸೈಜು ದೊಡ್ಡದಾದರೆ ಒಳಗೆ ಒತ್ತಡ ಏರುವ ಭಯ, ಚಿಕ್ಕದಾದರೆ ಕಣ್ಣಿನ ಸ್ವಂತ ಲೆನ್ಸಿಗೆ ತಾಗಿ ಪೊರೆ ಬರುವ ಭಯ. ಅದಕ್ಕೇ ‘ಅಗಲವನ್ನು ಎಷ್ಟು ಬಗೆಯಲ್ಲಿ ಅಳೆಯುತ್ತೀರಿ? ಮುಂಭಾಗದ ಕೋಣೆಯ ಆಳ ಎಷ್ಟಿದೆ? ಕಾರ್ನಿಯಾದ ಹಿಂಬದಿಯ ಜೀವಕೋಶಗಳನ್ನು ಎಣಿಸಿದ್ದೀರಾ?’ ಎಂದು ಕೇಳಿ. ಆಳ 2.8 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಹೀಗೆ ಕೇಳಿದರೆ ಬೇಸರಪಟ್ಟುಕೊಳ್ಳುವ ವೈದ್ಯರನ್ನು ನಾನು ಹೆಚ್ಚು ನೋಡಿಲ್ಲ.

ಕೇಳದಿದ್ದರೂ ಒಂದು ಮಾತು. ಕನ್ನಡಕ ಹಾಕಿಕೊಂಡವಳನ್ನು ಬೇಡವೆನ್ನುವ ಮನೆಗೆ ಹುಡುಗಿಯನ್ನು ಕೊಡಲೇಬೇಕೆಂದೇನಿಲ್ಲ. ಆಪರೇಷನ್ ಆಗಲೇಬೇಕು ಎಂದು ಅವಳಿಗೆ ಅನ್ನಿಸಿದ್ದರೆ ಸರಿ.

*

ಪ್ರಶ್ನೆ: ನಮಸ್ತೆ ಮೇಡಂ. ನಾನು ಆಪ್ಟೊಮೆಟ್ರಿ ಕೊನೆಯ ವರ್ಷದ ವಿದ್ಯಾರ್ಥಿ. ಸಮೀಪದೃಷ್ಟಿ ಇರುವವರಲ್ಲಿ ಆಟೊಕೆರಟೋಮೀಟರ್ ಮತ್ತು ಪೆಂಟಾಕ್ಯಾಮ್‌ನ ‘ಕೆ’ ಅಂಕಿ ಹೋಲಿಸುವುದು ನನ್ನ ಪ್ರಾಜೆಕ್ಟ್. 50 ಜನರ 100 ಕಣ್ಣು ಅಳೆದಿದ್ದೇನೆ. ಕೋರಿಲೇಶನ್ 0.96 ಬಂದಿದೆ. ‘ಎರಡೂ ಯಂತ್ರ ಒಂದೇ’ ಎಂದು ಬರೆದದ್ದಕ್ಕೆ ಗೈಡ್ ಕೆಂಪು ಗೀಟು ಹಾಕಿದ್ದಾರೆ. ತಪ್ಪೆಲ್ಲಿ?
ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನಿಮ್ಮ ಗೈಡ್‌ಗೆ ನನ್ನದೊಂದು ನಮಸ್ಕಾರ ತಿಳಿಸಿ. (ಬೇರೆ ಓದುಗರಿಗೆ: ‘ಕೆ’ ಎಂದರೆ ಕಾರ್ನಿಯಾದ ಬಾಗು ಎಷ್ಟೆಂದು ಹೇಳುವ ಅಂಕಿ, ಆಟೊಕೆರಟೋಮೀಟರ್ ಅದನ್ನು ಅಳೆಯುವ ಯಂತ್ರ.)

ನಿಮ್ಮ ಮನೆಯ ಗೋಡೆ ಗಡಿಯಾರ ಯಾವಾಗಲೂ ಐದು ನಿಮಿಷ ಮುಂದಿದೆ ಎಂದುಕೊಳ್ಳಿ. ಕೈಗಡಿಯಾರದ ಜೊತೆ ಅದರ ಕೋರಿಲೇಶನ್ ಲೆಕ್ಕ ಹಾಕಿದರೆ 1 ಬರುತ್ತದೆ, ಆದರೂ ನೀವು ರೈಲಿಗೆ ಹೊರಡುವಾಗ ಐದು ನಿಮಿಷ ಕಳೆದೇ ಓದುತ್ತೀರಿ. ಒಂದು ಏರಿದಾಗ ಇನ್ನೊಂದೂ ಏರುತ್ತದೆ ಎಂದಷ್ಟೇ ಕೋರಿಲೇಶನ್ ಹೇಳುತ್ತದೆ. ಎರಡೂ ಒಂದೇ ಅಂಕಿ ಕೊಡುತ್ತವೆ ಎಂದು ಅದು ಹೇಳುವುದೇ ಇಲ್ಲ. ಈ ವಿಷಯವನ್ನು ಮಾರ್ಟಿನ್ ಬ್ಲ್ಯಾಂಡ್ ಮತ್ತು ಡಗ್ಲಸ್ ಆಲ್ಟ್‌ಮನ್ ಎಂಬ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞರು 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಿಡಿಸಿ ಬರೆದರು. ಪ್ರತಿ ಕಣ್ಣಿಗೂ ಎರಡು ಯಂತ್ರಗಳ ಸರಾಸರಿಯನ್ನು ಅಡ್ಡಕ್ಕೆ, ವ್ಯತ್ಯಾಸವನ್ನು ಉದ್ದಕ್ಕೆ ಚುಕ್ಕಿ ಇಡಿ. ವ್ಯತ್ಯಾಸಗಳ ಸರಾಸರಿಗೆ ಅವುಗಳ ಸ್ಟ್ಯಾಂಡರ್ಡ್ ಡೀವಿಯೇಶನ್‌ನ (ಅಂಕಿಗಳು ಎಷ್ಟು ಹರಡಿವೆ ಎಂಬ ಅಳತೆಯ) 1.96 ಪಟ್ಟು ಕೂಡಿಸಿ, ಕಳೆಯಿರಿ. ಸುಮಾರು ಶೇ. 95 ಕಣ್ಣುಗಳು ಆ ಎರಡು ಗೆರೆಗಳ ನಡುವೆ ಬೀಳುತ್ತವೆ.

ಸರಾಸರಿ ವ್ಯತ್ಯಾಸ ದೊಡ್ಡದಿದ್ದು ಗೆರೆಗಳು ಹತ್ತಿರವಿದ್ದರೆ ಗಾಬರಿಯಿಲ್ಲ, ಕಳೆದುಕೊಂಡು ಓದಬಹುದು. ಸರಾಸರಿ ಸೊನ್ನೆಗೆ ಹತ್ತಿರವಿದ್ದು ಗೆರೆಗಳು ದೂರ ದೂರ ಇದ್ದರೆ ಅದು ಕೆಟ್ಟದ್ದು. ಒಂದು ಕಣ್ಣಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ತೋರಿಸುವ ಯಂತ್ರವನ್ನು ಯಾವ ಕೂಡುವಿಕೆ ಕಳೆಯುವಿಕೆಯೂ ಸರಿಮಾಡುವುದಿಲ್ಲ. ಎಷ್ಟು ದೂರ ಅಂದರೆ ದೂರ? ಅದನ್ನು ಅಳೆಯುವ ಮೊದಲೇ ನೀವು ನಿರ್ಧರಿಸಿ ಬರೆದಿಡಬೇಕಿತ್ತು. ಕಾಂಟ್ಯಾಕ್ಟ್ ಲೆನ್ಸ್ ಟ್ರಯಲ್‌ಗೆ ಅರ್ಧ ಡಯಾಪ್ಟರ್ ಆಚೀಚೆ ಆದರೆ ಇನ್ನೊಂದು ಲೆನ್ಸ್ ಹಾಕಿ ನೋಡಬಹುದು. ಪೊರೆ ಆಪರೇಷನ್ನಿನ ಲೆನ್ಸ್ ಲೆಕ್ಕಕ್ಕೆ ‘ಕೆ’ಯಲ್ಲಿ ಒಂದು ಡಯಾಪ್ಟರ್ ತಪ್ಪಿದರೆ ರೋಗಿಯ ಪವರಿನಲ್ಲೂ ಹೆಚ್ಚುಕಡಿಮೆ ಅಷ್ಟೇ ತಪ್ಪುತ್ತದೆ.

ಎರಡನೆಯದು ಆ 100 ಕಣ್ಣು. ಒಬ್ಬರ ಬಲಗಣ್ಣು ಎಡಗಣ್ಣು ಅಣ್ಣತಮ್ಮಂದಿರು. ಬಲಗಣ್ಣಿನ ಕಾರ್ನಿಯಾ ಕಡಿದಾಗಿದ್ದರೆ ಎಡಗಣ್ಣಿನದೂ ಸಾಮಾನ್ಯವಾಗಿ ಹಾಗೇ ಇರುತ್ತದೆ. ಅವನ್ನು ಸಂಬಂಧವಿಲ್ಲದ 100 ಸಾಕ್ಷಿಗಳೆಂದು ಎಣಿಸುವಂತಿಲ್ಲ. ಒಬ್ಬೊಬ್ಬರಿಂದ ಒಂದೇ ಕಣ್ಣು ಆರಿಸಿಕೊಳ್ಳಿ, ಇಲ್ಲವೇ ಎರಡನ್ನೂ ಸೇರಿಸಿ ಲೆಕ್ಕ ಹಾಕುವ ವಿಧಾನ ತಿಳಿದವರ ಹತ್ತಿರ ಕೇಳಿ.

ಮೂರನೆಯದು, ಒಂದೇ ಯಂತ್ರ ಒಂದೇ ಕಣ್ಣಿಗೆ ಮೂರು ಸಲ ಒಂದೇ ಉತ್ತರ ಕೊಡುತ್ತದೆಯೇ ಎಂದು ನೋಡಿದಿರಾ? ತನ್ನ ಮಾತಿಗೆ ತಾನೇ ನಿಲ್ಲದ ಯಂತ್ರವನ್ನು ಇನ್ನೊಂದರ ಜೊತೆ ಹೋಲಿಸಿ ಏನು ಬಂತು? ಇದನ್ನು ಬಿಟ್ಟ ಪ್ರಾಜೆಕ್ಟುಗಳೇ ನನ್ನ ಮೇಜಿಗೆ ಹೆಚ್ಚು ಬರುತ್ತವೆ.

ಸಮೀಪದೃಷ್ಟಿಯವರನ್ನೇ ಏಕೆ ಆರಿಸಿದಿರಿ ಎಂದು ವೈವಾದಲ್ಲಿ ಖಂಡಿತ ಕೇಳುತ್ತಾರೆ. ‘ಅವರೇ ಹೆಚ್ಚು ಸಿಗುತ್ತಾರೆ’ ಎಂದರೆ ಅಂಕ ಹೋಯಿತು. ಲ್ಯಾಸಿಕ್, ಸ್ಮೈಲ್ (ಅದೂ ಲೇಸರ್ ಆಪರೇಷನ್ನೇ), ಐಸಿಎಲ್ ಸಾಲಿನಲ್ಲಿ ನಿಲ್ಲುವವರಲ್ಲಿ ಹೆಚ್ಚಿನವರು ಅವರು, ಈ ಅಂಕಿಯ ಮೇಲೆ ನಿರ್ಧಾರ ಆಗುವುದು ಅವರಿಗೇ, ಎಂದು ಹೇಳಿ. ಜೊತೆಗೆ ಅವರದೇ ಆದ ತೊಡಕುಗಳಿವೆ. ಮೈನಸ್ 9, ಮೈನಸ್ 10ರವರು ಕನ್ನಡಕ ತೆಗೆದು ಕೂತರೆ ಯಂತ್ರದೊಳಗಿನ ಗುರುತು ಮಸುಕು ಮಸುಕು, ನೋಟ ಅತ್ತಿತ್ತ ಅಲೆಯುತ್ತದೆ. ಅನೇಕರು ಕಾಂಟ್ಯಾಕ್ಟ್ ಲೆನ್ಸಿನವರು, ಲೆನ್ಸಿನ ಒತ್ತಿಗೆ ಕಾರ್ನಿಯಾದ ಆಕಾರವೇ ತಾತ್ಕಾಲಿಕವಾಗಿ ಬದಲಾಗಿರುತ್ತದೆ. ಕಣ್ಣು ಒಣಗಿರುವುದೂ ಸಾಮಾನ್ಯ.

ಎರಡು ಯಂತ್ರ ಬೇರೆ ಬೇರೆ ಅಂಕಿ ಕೊಡುವುದಕ್ಕೆ ಕಾರಣವನ್ನೂ ಬರೆಯಿರಿ. ಕೆರಟೋಮೀಟರ್ ನಡುವಿನ ಸುಮಾರು 3 ಮಿಲಿಮೀಟರ್ ವೃತ್ತದ ಕೆಲವು ಬಿಂದುಗಳಿಂದ ಬೆಳಕು ಹೇಗೆ ಪ್ರತಿಫಲಿಸುತ್ತದೆ ಎಂದಷ್ಟೇ ನೋಡುತ್ತದೆ. ವಕ್ರತೆಯ ತ್ರಿಜ್ಯ 7.8 ಮಿಲಿಮೀಟರ್ ಬಂದರೆ 337.5ನ್ನು ಅದರಿಂದ ಭಾಗಿಸಿ 43.27 ಡಯಾಪ್ಟರ್ ಎನ್ನುತ್ತದೆ. ಆ 337.5ರ ಹಿಂದೆ, ಹಿಂದಿನ ಮೈ ಇಂತಿಷ್ಟೇ ಇರುತ್ತದೆ ಎಂಬ ಊಹೆ ಅಡಗಿದೆ. ಪೆಂಟಾಕ್ಯಾಮ್ ಹಿಂದಿನ ಮೈಯನ್ನು ನಿಜಕ್ಕೂ ಅಳೆಯಬಲ್ಲದು, ಆದರೆ ಅದರಲ್ಲಿ ‘ಕೆ’ ಎನ್ನುವ ಅಂಕಿಗಳೇ ಹಲವು ಬಗೆಯವು. ಯಾವುದನ್ನು ಬರೆದುಕೊಂಡಿರಿ ಎಂಬುದು ಪುಟದಲ್ಲಿ ಇರಲೇಬೇಕು.

ಮುಂದಿನ ಸಲ ದಪ್ಪವನ್ನೂ ಅಳೆಯುವುದಾದರೆ, ಮುಟ್ಟುವ ಪೆನ್ನು ಕೊನೆಗೆ. ಮೊದಲೇ ಮುಟ್ಟಿದರೆ ಮೇಲ್ಪದರ ಕೆದರಿ ಉಳಿದ ಯಂತ್ರಗಳ ಚಿತ್ರವೆಲ್ಲ ಕೆಡುತ್ತದೆ.

*

ಪ್ರಶ್ನೆ: ನಮಸ್ಕಾರರೀ ಮೇಡಂ. 2003ರಾಗ ಹೈದರಾಬಾದ್‌ದಾಗ ಎರಡೂ ಕಣ್ಣಿಗಿ ಲ್ಯಾಸಿಕ್ ಮಾಡಿಸ್ಕೊಂಡಿದ್ದೆ. ಈಗ 58 ವರ್ಷ, ಪೊರೆ ಬಂದದ. ಡಾಕ್ಟರು ಲ್ಯಾಸಿಕ್‌ಗಿಂತ ಮುಂಚಿನ ಕಾಗದ ಕೇಳ್ಲಿಕತ್ತಾರ. ಇಷ್ಟು ದೊಡ್ಡ ಮಷಿನ್ ಇಟ್ಕೊಂಡು ಇಪ್ಪತ್ತು ವರ್ಷದ ಹಿಂದಿನ ಚೀಟಿ ಯಾಕ ಬೇಕ್ರೀ?
ಓದುಗರು, ಕಲಬುರಗಿ

ಉತ್ತರ: ಕೇಳಿದ್ದು ಒಳ್ಳೆಯ ಡಾಕ್ಟರ ಲಕ್ಷಣ. ಹಿಂದಿನ ಉತ್ತರದಲ್ಲಿ ಹೇಳಿದ ಆ ಊಹೆಯೇ ಇಲ್ಲಿ ಕಾಟ ಕೊಡುವುದು. ಲ್ಯಾಸಿಕ್‌ನಲ್ಲಿ ಕಾರ್ನಿಯಾದ ಮುಂದಿನ ಮೈಯನ್ನು ಚಪ್ಪಟೆ ಮಾಡಿದರು, ಹಿಂದಿನದು ಇದ್ದ ಹಾಗೆಯೇ ಇದೆ. ಎರಡರ ನಡುವಿನ ಅನುಪಾತ ಕೆಟ್ಟಿತು. ಸಾಧಾರಣ ಕೆರಟೋಮೀಟರಿಗೆ ಅದು ಗೊತ್ತಿಲ್ಲ. ಸಾಲದ್ದಕ್ಕೆ ನಡುವಿನ ಅತಿ ಚಪ್ಪಟೆ ಜಾಗವನ್ನು ಬಿಟ್ಟು ಅದರ ಸುತ್ತಲಿನ ವೃತ್ತವನ್ನು ಅಳೆಯುತ್ತದೆ. ಎರಡೂ ಸೇರಿ ನಿಮ್ಮ ಕಾರ್ನಿಯಾದ ಶಕ್ತಿಯನ್ನು ಇದ್ದದ್ದಕ್ಕಿಂತ ಹೆಚ್ಚು ಎಂದು ತೋರಿಸುತ್ತವೆ. ಅದನ್ನು ನಂಬಿ ಒಳಗೆ ಕಡಿಮೆ ಪವರಿನ ಲೆನ್ಸು ಹಾಕಿದರೆ ಆಪರೇಷನ್ ಆದ ಮೇಲೆ ಪ್ಲಸ್ ಪವರ್ ಉಳಿದುಬಿಡುತ್ತದೆ. ಆಗ ದೂರದ್ದೂ ಮಸುಕು, ಹತ್ತಿರದ್ದು ಇನ್ನೂ ಮಸುಕು.

ಹಳೆಯ ಕಾಗದ ಸಿಗದಿದ್ದರೆ ಆಪರೇಷನ್ ನಿಲ್ಲಬೇಕಿಲ್ಲ. ಹಿಂದಿನ ಮೈಯನ್ನೂ ಅಳೆಯುವ ಯಂತ್ರಗಳಿವೆ. ಬ್ಯಾರೆಟ್ ಟ್ರೂ-ಕೆ, ಹೈಗಿಸ್-ಎಲ್ ಎಂಬ ಸೂತ್ರಗಳು ಹಳೆಯ ದಾಖಲೆ ಇಲ್ಲದೆಯೂ ಲೆಕ್ಕ ಮಾಡುತ್ತವೆ. ಎರಡು ಮೂರು ದಾರಿಯಲ್ಲಿ ಲೆಕ್ಕ ಹಾಕಿಸಿ, ಉತ್ತರಗಳು ಹತ್ತಿರ ಹತ್ತಿರ ಬಂದರೆ ಧೈರ್ಯ. ಆದರೂ ಮನೆಯಲ್ಲಿ ಟ್ರಂಕು ಕೆದಕಿ. ಚೀಟಿ ಇಲ್ಲದಿದ್ದರೂ ಆ ಕಾಲದ ಕನ್ನಡಕ ಎಲ್ಲಾದರೂ ಬಿದ್ದಿದ್ದರೆ ತೆಗೆದುಕೊಂಡು ಹೋಗಿ. ಗ್ಲಾಸು ಯಂತ್ರದಲ್ಲಿಟ್ಟರೆ ನಿಮ್ಮ ಆಗಿನ ಪವರ್ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಅದೂ ದಾಖಲೆಯೇ.

ಜೊತೆಗೆ ಇನ್ನೊಂದು. ಕಣ್ಣಿನ ಒತ್ತಡ ನೋಡುವ ಗೋಲ್ಡ್‌ಮನ್ ಉಪಕರಣವನ್ನು ಸುಮಾರು 520 ಮೈಕ್ರಾನ್ ದಪ್ಪದ ಕಾರ್ನಿಯಾಕ್ಕೆ ಹೊಂದಿಸಿ ಮಾಡಿದ್ದು. ನಿಮ್ಮಂಥ ತೆಳುವಾದ ಕಾರ್ನಿಯಾದಲ್ಲಿ ಒತ್ತಡ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಯಾವ ಊರಿನ ಯಾವ ಡಾಕ್ಟರ ಮುಂದೆ ಕೂತರೂ ‘ನನಗೆ ಲ್ಯಾಸಿಕ್ ಆಗಿದೆ’ ಎಂದು ಮೊದಲೇ ಹೇಳಿ.

*

ಪ್ರಶ್ನೆ: ಮಗನಿಗೆ 19 ವರ್ಷ, ಕೆರಟೋಕೋನಸ್. ದುಬೈಯಲ್ಲಿ ಗೆಲಿಲಿ ಯಂತ್ರದಲ್ಲಿ ಕೆ-ಮ್ಯಾಕ್ಸ್ 48.9 ಇತ್ತು. ಆರು ತಿಂಗಳ ನಂತರ ರಜೆಗೆ ಊರಿಗೆ ಬಂದಾಗ ಪೆಂಟಾಕ್ಯಾಮ್‌ನಲ್ಲಿ 50.1. ಕಾಯಿಲೆ ಏರಿದೆಯೇ? ಕ್ರಾಸ್‌ಲಿಂಕಿಂಗ್ ತಕ್ಷಣ ಮಾಡಿಸಬೇಕೇ?
ಓದುಗರು, ದುಬೈ

ಉತ್ತರ: ಈ ಎರಡು ಅಂಕಿಗಳಿಂದ ಏರಿದೆ ಎನ್ನಲೂ ಬರುವುದಿಲ್ಲ, ಏರಿಲ್ಲ ಎನ್ನಲೂ ಬರುವುದಿಲ್ಲ. ಎರಡೂ ಶೈಮ್‌ಫ್ಲೂಗ್ ಜಾತಿಯವಾದರೂ ಗೆಲಿಲಿಯಲ್ಲಿ ಎರಡು ಕ್ಯಾಮೆರಾ, ಜೊತೆಗೆ ಕಾರ್ನಿಯಾದಲ್ಲಿ ಮೂಡುವ ಪ್ಲಾಸಿಡೊ ಎಂಬ ಉಂಗುರಗಳ ಪ್ರತಿಬಿಂಬವನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಕೆ-ಮ್ಯಾಕ್ಸ್ ಎಂದರೆ ಇಡೀ ನಕ್ಷೆಯಲ್ಲಿ ಅತಿ ಕಡಿದಾದ ಒಂದೇ ಒಂದು ಬಿಂದು. ಒಂದು ಬಿಂದುವಿನ ಅಂಕಿ ಸುಲಭವಾಗಿ ಅಲುಗಾಡುತ್ತದೆ, ಕಾಯಿಲೆ ಹೆಚ್ಚಿದ್ದಷ್ಟೂ ಹೆಚ್ಚು ಅಲುಗಾಡುತ್ತದೆ. ವರ್ಷದೊಳಗೆ ಒಂದು ಡಯಾಪ್ಟರ್ ಏರಿದರೆ ಕಾಯಿಲೆ ಮುಂದುವರಿದಿದೆ ಎಂದು ಹಲವರು ಹಿಡಿಯುತ್ತಾರೆ ನಿಜ. ಆದರೆ ಅದು ಒಂದೇ ಯಂತ್ರದ ಎರಡು ಅಳತೆಗಳಿಗೆ ಅನ್ವಯಿಸುವ ಮಾತು.

ಆದರೂ ಹುಡುಗನಿಗೆ 19, ಈ ವಯಸ್ಸಿನಲ್ಲಿ ಕಾಯಿಲೆ ಬೇಗ ಓಡಬಹುದು. ಆದ್ದರಿಂದ ಸುಮ್ಮನೆ ಕೂರಬೇಡಿ. ದುಬೈಗೆ ಮರಳಿದ ಕೂಡಲೇ ಅದೇ ಗೆಲಿಲಿಯಲ್ಲಿ ಮತ್ತೆ ತೆಗೆಸಿ. ಒಂದೇ ಕೂತಿನಲ್ಲಿ ಎರಡು ಮೂರು ಸ್ಕ್ಯಾನ್ ತೆಗೆಯಲು ಹೇಳಿ. ಕೆ-ಮ್ಯಾಕ್ಸ್ ಒಂದನ್ನೇ ನೋಡದೆ ಅತಿ ತೆಳು ಜಾಗದ ದಪ್ಪ, ಹಿಂದಿನ ಮೈ, ಕನ್ನಡಕದ ಪವರ್, ಕನ್ನಡಕ ಹಾಕಿಕೊಂಡು ಓದುವ ಸಾಲು, ಇವೆಲ್ಲ ಒಂದೇ ದಿಕ್ಕಿಗೆ ಹೋಗುತ್ತಿವೆಯೇ ಎಂದು ವೈದ್ಯರನ್ನು ಕೇಳಿ. ಕ್ರಾಸ್‌ಲಿಂಕಿಂಗ್ ಎಂದರೆ ಕಾರ್ನಿಯಾವನ್ನು ಗಟ್ಟಿ ಮಾಡಿ ಕಾಯಿಲೆ ತಡೆಯುವ ಚಿಕಿತ್ಸೆ. ಅದರ ಸಾಂಪ್ರದಾಯಿಕ ಬಗೆಗೆ ಕಾರ್ನಿಯಾ ಕನಿಷ್ಠ 400 ಮೈಕ್ರಾನ್ ಇರಬೇಕು ಎನ್ನುತ್ತಾರೆ. ಕಾಯುತ್ತಾ ಕಾಯುತ್ತಾ ಅದಕ್ಕಿಂತ ಕೆಳಗಿಳಿಯಲು ಬಿಡಬೇಡಿ. ಕಣ್ಣು ಉಜ್ಜುವುದನ್ನಂತೂ ಇವತ್ತೇ ನಿಲ್ಲಿಸಲಿ. ತುರಿಕೆಗೆ ಡ್ರಾಪ್ಸ್ ಇದೆ.

*

ಪ್ರಶ್ನೆ: ಮಗನಿಗೆ 10 ವರ್ಷ. ಪವರ್ ವರ್ಷ ವರ್ಷ ಏರುತ್ತಿದೆ, ಈಗ ಮೈನಸ್ 3. ಕಾರ್ನಿಯಾ ಸ್ಕ್ಯಾನ್ ಮಾಡಿಸಿ ಎಂದು ನಾದಿನಿ ಹೇಳುತ್ತಾಳೆ. ಬೇಕೇ?
ಓದುಗರು, ಶಿರಸಿ

ಉತ್ತರ: ಅವನಿಗೆ ಮುಖ್ಯವಾಗಿ ಬೇಕಾದದ್ದು ಕಣ್ಣಿನ ಉದ್ದದ ಅಳತೆ. ಬಯೊಮೀಟರ್ ಎಂಬ ಯಂತ್ರದಲ್ಲಿ ಮುಟ್ಟದೆಯೇ ಅಳೆಯುತ್ತಾರೆ. ದೊಡ್ಡವರ ಕಣ್ಣು ಸಾಧಾರಣ 23ರಿಂದ 24 ಮಿಲಿಮೀಟರ್. ಒಂದು ಮಿಲಿಮೀಟರ್ ಹೆಚ್ಚು ಉದ್ದವಾದರೆ ಸುಮಾರು ಎರಡೂವರೆ ಡಯಾಪ್ಟರ್ ಮೈನಸ್. ಆರು ತಿಂಗಳಿಗೊಮ್ಮೆ, ಅದೇ ಯಂತ್ರದಲ್ಲಿ ಅಳೆಸಿ ಬರೆದಿಡಿ. ಏರಿಕೆ ತಡೆಯಲು ಕಡಿಮೆ ಸಾಂದ್ರತೆಯ ಅಟ್ರೊಪಿನ್ ಡ್ರಾಪ್ಸ್ ಬೇಕೇ ಎಂಬುದನ್ನು ಮಕ್ಕಳ ಕಣ್ಣಿನ ವೈದ್ಯರು ಹೇಳಲಿ. ದಿನಾ ಎರಡು ಗಂಟೆ ಬಯಲಿನಲ್ಲಿ ಆಡಲು ಬಿಡುವುದಕ್ಕೆ ಚೀಟಿ ಬೇಕಿಲ್ಲ. ಸಿಲಿಂಡರ್ ಪವರ್ ಏರುತ್ತಿದ್ದರೆ, ಕಣ್ಣು ಉಜ್ಜುತ್ತಿದ್ದರೆ, ಕನ್ನಡಕ ಹಾಕಿದರೂ ಸಾಲುಗಳು ಪೂರ್ತಿ ಕಾಣದಿದ್ದರೆ ಆಗ ನಾದಿನಿಯ ಮಾತು ಕೇಳಿ.

*

ಪ್ರಶ್ನೆ: ನಾನು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತೇನೆ. ಮುಂದಿನ ತಿಂಗಳು ಲ್ಯಾಸಿಕ್‌ಗೆ ಮುಂಚಿನ ಸ್ಕ್ಯಾನ್ ಇದೆ. ಎಷ್ಟು ದಿನ ಮೊದಲು ಬಿಡಬೇಕು?
ಓದುಗರು, ಮಂಗಳೂರು

ಉತ್ತರ: ಸಾಫ್ಟ್ ಲೆನ್ಸ್ ಆದರೆ ಒಂದರಿಂದ ಎರಡು ವಾರ, ಗಟ್ಟಿ ಲೆನ್ಸ್ ಆದರೆ ಮೂರು ನಾಲ್ಕು ವಾರ. ಹತ್ತಾರು ವರ್ಷ ಗಟ್ಟಿ ಲೆನ್ಸ್ ಹಾಕಿದವರಿಗೆ ಇನ್ನೂ ಹೆಚ್ಚು ಬೇಕಾಗಬಹುದು. ಅಂಥವರಿಗೆ ವಾರ ಬಿಟ್ಟು ಮತ್ತೆ ನಕ್ಷೆ ತೆಗೆದು, ಎರಡೂ ಹೊಂದಿದ ಮೇಲಷ್ಟೇ ಮುಂದಕ್ಕೆ ಹೋಗುತ್ತೇವೆ. ‘ನಿನ್ನೆ ಮದುವೆಗೆ ಹೋಗಿದ್ದೆ, ಒಂದೇ ದಿನ ಹಾಕಿದ್ದೆ’ ಎಂದರೆ ನಾನು ವಾಪಸು ಕಳಿಸುತ್ತೇನೆ. ಸ್ಕ್ಯಾನ್ ದಿನ ಕಾಡಿಗೆ, ಮಸ್ಕಾರಾ ಬೇಡ. ಕಣ್ಣು ಒಣಗುತ್ತಿದ್ದರೆ ಹಾಕುವ ಡ್ರಾಪ್ಸ್ ಯಾವುದು, ಕೊನೆಗೆ ಎಷ್ಟು ಹೊತ್ತಿಗೆ ಹಾಕಿದಿರಿ ಎಂದು ಅಳೆಯುವವರಿಗೆ ಹೇಳಿ. ಬೆಳಿಗ್ಗೆ ಹತ್ತರ ನಂತರದ ಸಮಯ ಕೇಳಿ ಪಡೆದುಕೊಳ್ಳಿ. ಎರಡನೇ ಸಲ ಬರಬೇಕಾದರೆ ಅದೇ ಯಂತ್ರ, ಹೆಚ್ಚುಕಡಿಮೆ ಅದೇ ಹೊತ್ತು.